ಕಡಲಿಗೆ ಬಿಟ್ಟ ಎರಡು ತಿಂಗಳು

ಜುಲೈಯಲ್ಲಿ ಗಂಗೊಳ್ಳಿ ಬಂದರು ನೋಡಬೇಕು. ಬೋಟುಗಳು ಒಂದಕ್ಕೊಂದು ಆತುಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ. ಅಳಿವೆ ಬಾಗಿಲಲ್ಲಿ ಐದು ಹೊಳೆಗಳ ಕೆನ್ನೀರು ಕಡಲಿಗೆ ನುಗ್ಗುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ, ಅದೂ ಕಡಲು ಬಿಟ್ಟರೆ.

ಆ ನಾಡದೋಣಿಯವರು ಕಾಯುವುದು ತೂಫಾನಿಗೆ. ಅಲೆ ಎದ್ದರೆ ಹೆದರಬೇಕಾದವರು ಅಲೆ ಏಳಲಿ ಎನ್ನುವುದು ಚಿಕ್ಕಂದಿನಲ್ಲಿ ನನಗೆ ಒಗಟಾಗಿತ್ತು. "ತೂಫಾನ್ ಏಳ್ಕ್ ಮರಾಯ್ರೆ, ಏಳ್ದಿರೆ ಮೀನ್ ಬತ್ತಿಲ್ಲೆ" ಎಂದಿದ್ದರು ಮರವಂತೆಯ ಹಿರಿಯರೊಬ್ಬರು. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ಮೇಲೆದ್ದು ತಳದ ಸಾರವನ್ನೆಲ್ಲ ಹೊತ್ತು ತರುತ್ತದೆ, ಅದರಿಂದ ಕಣ್ಣಿಗೆ ಕಾಣದ ಪಾಚಿ ಹಬ್ಬುತ್ತದೆ, ಅದನ್ನುಂಡು ಬೂತಾಯಿ ಮೀನು ಬೆಳೆಯುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಮ್ಮ ಮೀನು ಕೊಯ್ಯುವಾಗ ಪಕ್ಕದಲ್ಲಿ ಕೂರುತ್ತಿದ್ದೆ. ಮಳೆಗಾಲದ ಬೂತಾಯಿಯ ಹೊಟ್ಟೆ ಮೆಟ್ಟುಕತ್ತಿಗೆ ತಾಗಿದೊಡನೆ ಹಳದಿ ಮೊಟ್ಟೆಯ ಎಸಳೆರಡು ಜಾರಿ ಬರುತ್ತಿದ್ದವು. ಬೆರಳಿಗಿಂತ ಸಣ್ಣ ಎಸಳು. ಒಳಗೆ ಸಾಸಿವೆಗಿಂತ ಸಣ್ಣ ಕಾಳು, ಸಾವಿರ ಸಾವಿರ. ಹುರಿದರೆ ಬಲು ರುಚಿ. ಒಂದು ತುತ್ತಿನಲ್ಲಿ ಎಷ್ಟು ದೊಡ್ಡ ಹಿಂಡು ಇತ್ತೆಂದು ಈಗ ನೆನೆದರೆ ಕೈ ತಡೆಯುತ್ತದೆ.

ಒಂದು ತುತ್ತಿನ ಇಂಥ ಲೆಕ್ಕವನ್ನು ಇಡೀ ಲೋಕಕ್ಕೆ ಹಾಕಿದವರಿದ್ದಾರೆ. 1990ರ ದಶಕದಲ್ಲಿ ಕೆನಡಾದ ವಿಶ್ವವಿದ್ಯಾಲಯವೊಂದರಲ್ಲಿ ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್ನಾಗೆಲ್ 'ಹೆಜ್ಜೆಗುರುತು' ಎಂಬ ಲೆಕ್ಕ ಕಟ್ಟಿದರು. ನಾವು ಉಣ್ಣುವ, ಉಡುವ, ಸುಡುವುದಕ್ಕೆಲ್ಲ ಎಷ್ಟು ನೆಲ, ನೀರು ಬೇಕು? ಭೂಮಿ ವರ್ಷಕ್ಕೆ ಎಷ್ಟನ್ನು ಮತ್ತೆ ಹುಟ್ಟಿಸೀತು? ವರ್ಷದ ಹುಟ್ಟುವಳಿ ಮುಗಿದು ಬಿತ್ತನೆಯ ಬೀಜಕ್ಕೇ ಕೈಹಾಕುವ ದಿನವನ್ನು ಗ್ಲೋಬಲ್ ಫುಟ್‌ಪ್ರಿಂಟ್ ನೆಟ್‌ವರ್ಕ್ ಪ್ರತಿವರ್ಷ ಹೇಳುತ್ತದೆ. 2024ರಲ್ಲಿ ಅದು ಆಗಸ್ಟ್ 1.

ನಮ್ಮ ಬೋಟುಗಳು ಹಗ್ಗ ಬಿಚ್ಚುವ ದಿನ! ಕಾಕತಾಳೀಯವೇ ಇರಲಿ, ಓದಿದಾಗ ಮೈ ಜುಮ್ಮೆಂದಿತು. ಲೋಕದ ಕಣಜ ಬರಿದಾಯಿತೆಂದು ಎಣಿಸಿದ ಹೊತ್ತಿಗೇ ಇಲ್ಲಿ ಎರಡು ತಿಂಗಳು ಮುಚ್ಚಿಟ್ಟ ಕಣಜದ ಬಾಗಿಲು ತೆರೆಯುತ್ತಿತ್ತು. 61 ದಿನ ಸಾಲದು ಎಂದೇ ನನ್ನೆಣಿಕೆ. ಬೆರಳುದ್ದದ ಮರಿಗಳು ಬುಟ್ಟಿಗೆ ಬೀಳುವುದನ್ನು ಕಂಡಾಗ ಹೊಟ್ಟೆ ಕಿವುಚುತ್ತದೆ. ಆದರೂ ಇಷ್ಟೇ ಬಿಡುವಿನಲ್ಲಿ ಕಡಲು ಮಾಡಿಕೊಳ್ಳುವ ಕೆಲಸ ಎಷ್ಟು!

ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಆಸಾಡಿಯ ರಾತ್ರಿ ಅಲ್ಲಿ ನಿಂತರೆ ಮೊರೆತ ಬಿಟ್ಟು ಬೇರೇನೂ ಕೇಳಿಸದು. ಆ ಕತ್ತಲ ನೀರಿನೊಳಗೆ ಸಾಸಿವೆಗಿಂತ ಸಣ್ಣ ಕಾಳೊಂದು ಈಗಷ್ಟೇ ಒಡೆದು ಬಾಲ ಅಲ್ಲಾಡಿಸುತ್ತಿರಬಹುದು.