ಸೂಕ್ಷ್ಮಜೀವಿಗಳ ಪಾಠವೂ ಅನರ್ಥದಂಡವೂ

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯ ಮಗುವೊಂದು ಶಾಲೆಯಲ್ಲಿ ಸೂಕ್ಷ್ಮಜೀವಿಗಳ ಪಾಠ ಕೇಳಿ ಬಂದು, ‘ಅವೂ ಜೀವಗಳಲ್ಲವೇ? ಔಷಧದಿಂದ ಕೊಲ್ಲುವುದು ಹಿಂಸೆಯಲ್ಲವೇ?’ ಎಂದು ಕೇಳಿದರೆ ಹಿರಿಯರು ಏನೆನ್ನಬೇಕು? ‘ಅವು ಲೆಕ್ಕಕ್ಕಿಲ್ಲ’ ಎಂದರೆ ಸೋಸುವ ಬಟ್ಟೆಗೆ ಅರ್ಥವುಳಿಯದು. ‘ಔಷಧವೇ ಬೇಡ’ ಎಂದರೆ ಮಗುವಿನ ಪ್ರಾಣಕ್ಕೇ ಕುತ್ತು. ಆಗಮದ ನಿಗೋದವೇ ಇಂದಿನ ಬ್ಯಾಕ್ಟೀರಿಯ ಎಂದು ಸಾಧಿಸಹೊರಡುವ ಉತ್ಸಾಹವೂ ಇಲ್ಲಿ ಬೇಕಿಲ್ಲ.

ಯೂರೋಪಿನ ದೇಶಗಳು ಕೂಡಿ ರೂಪಿಸಿದ ‘ಇ-ಬಗ್’ ಎಂಬ ಅಂತರ್ಜಾಲ ಪಾಠಮಾಲೆ 2009ರಲ್ಲಿ ಆರಂಭವಾಯಿತು. ಈಗ ಅದನ್ನು ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆ ನಡೆಸುತ್ತಿದೆ. ಯಾವ ದೇಶದ ಶಿಕ್ಷಕರಾದರೂ ಹಣ ತೆರದೆ ಬಳಸಬಹುದು. ಸೂಕ್ಷ್ಮಜೀವಿಗಳೆಲ್ಲ ಶತ್ರುಗಳೆಂದು ಅದು ಕಲಿಸುವುದಿಲ್ಲ. ಯೀಸ್ಟ್ ಬೆರೆಸಿದ ಹಿಟ್ಟು ಉಬ್ಬುವುದನ್ನು ಮಕ್ಕಳಿಂದಲೇ ಅಳೆಯಿಸಿ ಉಪಕಾರಿಗಳ ಪರಿಚಯ ಮಾಡಿಸುತ್ತದೆ. (ಈ ಪ್ರಯೋಗ ನಮ್ಮ ಕೆಲವು ಮನೆಗಳಿಗೆ ಒಗ್ಗಲಾರದು, ಪಾಠಕ್ಕೇನೂ ಅದರಿಂದ ಕೊರತೆಯಿಲ್ಲ.)

ಪಾಠದ ತಿರುಳು ಪ್ರತಿಜೀವಕಗಳದು. ನೆಗಡಿ ವೈರಸ್ಸಿನಿಂದ ಬರುವುದು; ಅದರ ಮೇಲೆ ಪ್ರತಿಜೀವಕ ನಿಷ್ಫಲ. ಆದರೂ ನುಂಗಿದ ಮಾತ್ರೆ ಕರುಳಿನ ನಿರಪರಾಧಿ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಔಷಧವನ್ನು ತಾಳಿಕೊಳ್ಳಬಲ್ಲ ಕೆಲವು ಮಾತ್ರ ಉಳಿದು, ಹೆಚ್ಚಿ, ಆ ಶಕ್ತಿಯನ್ನು ಇತರ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ಈ ಅಪಾಯವನ್ನು ಎಚ್ಚರಿಸಿದ್ದರು. 2019ರಲ್ಲಿ ಇಂತಹ ಔಷಧನಿರೋಧದಿಂದ ನೇರವಾಗಿ ಮಡಿದವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಎಂದು ಅಂದಾಜು.

ಮಗುವಿನ ಪ್ರಶ್ನೆಗೆ ಉತ್ತರ ಶ್ರಾವಕಾಚಾರದಲ್ಲಿಯೇ ಇದೆ. ಏಕೇಂದ್ರಿಯ ಜೀವಗಳ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರ. ಅದನ್ನು ಅನಿವಾರ್ಯಕ್ಕೆ ಮಿತಗೊಳಿಸಬೇಕು. ನ್ಯೂಮೋನಿಯದ ಮಗುವಿಗೆ ವೈದ್ಯರು ಕೊಡುವ ಪ್ರತಿಜೀವಕ ಆ ಅನಿವಾರ್ಯಕ್ಕೆ ಸೇರಿದ್ದು. ಆದರೆ ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು, ಗಿಡ ಕತ್ತರಿಸುವುದನ್ನು ಸಮಂತಭದ್ರಾಚಾರ್ಯರು ಪ್ರಮಾದಚರ್ಯೆ ಎಂದು ಹೆಸರಿಸಿ ಅನರ್ಥದಂಡದಲ್ಲಿ ಎಣಿಸಿದ್ದಾರೆ. ನೆಗಡಿಗೆ ನುಂಗುವ ಪ್ರತಿಜೀವಕವನ್ನು ಬೇರೆಲ್ಲಿ ಎಣಿಸುವುದು? ಅಲ್ಲಿ ಕೊಲ್ಲಲ್ಪಟ್ಟ ಜೀವಕ್ಕೂ ಕೊಂದವನಿಗೂ ಲಾಭವಿಲ್ಲ. ನಾಳೆ ಔಷಧ ಫಲಿಸದೆ ನರಳುವವನು ಮೂರನೆಯವನು.

ಈ ಮಾತು ಮಕ್ಕಳ ಪಾಠಶಾಲೆಗಷ್ಟೇ ಸೀಮಿತವಲ್ಲ. ಬಸದಿಯ ಟ್ರಸ್ಟುಗಳು ಔಷಧದಾನವೆಂದು ಶಿಬಿರ ನಡೆಸುವಾಗ, ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸೊಪ್ಪದೆ ಒಂದು ಪಟ್ಟಿ ಮಾತ್ರೆ ಕೊಡಿಸುವ ಮೋಹ ಸಹಜವೇ. ಆ ಪಟ್ಟಿಯಲ್ಲಿರುವುದು ಪ್ರತಿಜೀವಕವೋ, ಅದು ಬೇಕೆಂದು ವೈದ್ಯರು ಹೇಳಿದರೋ ಎಂದು ಕೇಳುವ ಪಾಠಶಾಲೆಯ ಹುಡುಗಿಯೊಬ್ಬಳು ಆ ಮೇಜಿನ ಬಳಿ ನಿಂತಿದ್ದರೆ, ದಾನಿಗಳು ಅವಳನ್ನು ಗದರಿಸದಿರಲಿ.