ಹಿಡಿದು ಬಿಟ್ಟ ಮೀನು

ರಜೆಯ ದಿನಗಳಲ್ಲಿ ಅಂಡಮಾನಿಗೆ ಹೋಗಿಬರುವ ಶ್ರಾವಕ ಕುಟುಂಬಗಳು ಈಗ ಅಪರೂಪವಲ್ಲ. ಹಿಂದೆ ಹ್ಯಾವ್‌ಲಾಕ್ ಎನಿಸಿ, 2018ರಲ್ಲಿ ಸ್ವರಾಜ್ ದ್ವೀಪವೆಂಬ ಹೆಸರು ಪಡೆದ ನಡುಗಡ್ಡೆಯಲ್ಲಿ ಮೂರು ಬಗೆಯ ಜಲವಿಹಾರಗಳು ಅವರ ಮುಂದಿರುತ್ತವೆ: ಗಾಜಿನ ತಳದ ದೋಣಿಯಲ್ಲಿ ಕುಳಿತು ಹವಳದ ದಿಬ್ಬಗಳನ್ನು ನೋಡುವುದು, ಸ್ನಾರ್ಕೆಲ್ ಎಂಬ ಉಸಿರುಗೊಳವೆಯನ್ನು ಕಚ್ಚಿ ತೇಲುತ್ತ ನೋಡುವುದು, ಬಾಡಿಗೆ ದೋಣಿಯಲ್ಲಿ ದೂರ ಸಾಗಿ ಗಾಳ ಹಾಕುವುದು. ಹಿಡಿದ ಮೀನನ್ನು ಕೊಲ್ಲದೆ ನೀರಿಗೇ ಬಿಡಲಾಗುವುದೆಂಬ ಭರವಸೆ ಈ ಮೂರನೆಯದರೊಡನೆ ಸಾಮಾನ್ಯವಾಗಿ ಬರುತ್ತದೆ. ಮೀನು ತಿನ್ನದವನಿಗೂ ಆ ಮಾತು ಹಿತವಾಗಿ ಕೇಳಿಸುತ್ತದೆ.

ಮೊದಲೆರಡರ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಮೂಲಾಚಾರವು ಪ್ರವಾಳವನ್ನು ಪೃಥ್ವಿಕಾಯದ ಭೇದಗಳಲ್ಲಿ ಎಣಿಸುತ್ತದೆ. ಇಂದಿನ ವಿಜ್ಞಾನವು ಹವಳವನ್ನು ಕಿರುಪ್ರಾಣಿಗಳ ಸಮೂಹವೆನ್ನುತ್ತದೆ. ಯಾವುದನ್ನು ಒಪ್ಪಿದರೂ ಅದರ ಮೇಲೆ ಕಾಲೂರಿ ನಿಲ್ಲಲು ಅನುಮತಿ ದೊರೆಯದು. ಸೋಸದ ನೀರಿಗಿಳಿಯದ ನಿಯಮವುಳ್ಳವರಿಗೆ ಗಾಜಿನ ದೋಣಿಯೇ ಯೋಗ್ಯ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5 ಗಂಟೆಯ ಸುಮಾರಿಗೇ ಸೂರ್ಯಾಸ್ತವಾಗುವುದರಿಂದ, ರಾತ್ರಿಭೋಜನ ತ್ಯಾಗಿಗಳು ದೋಣಿ ಮರಳುವ ವೇಳೆಯನ್ನು ಮೊದಲೇ ಕೇಳಿಕೊಳ್ಳಬೇಕು.

ಗಾಳದ ಮಾತೇ ಬೇರೆ. ಮೀನು ಪಂಚೇಂದ್ರಿಯ ಜೀವಿ. ಕೊಕ್ಕೆ ಅದರ ತುಟಿಯನ್ನೋ ಗಂಟಲನ್ನೋ ಸೀಳುತ್ತದೆ. ಸೆಣಸಿ ದಣಿದ ಅದನ್ನು ಮೇಲೆತ್ತಿದಾಗ ಕಿವಿರುಗಳು ಗಾಳಿಯಲ್ಲಿ ಕುಸಿದು ಅಂಟಿಕೊಂಡು ಉಸಿರು ಕಟ್ಟುತ್ತದೆ. ಆಳದಿಂದ ಬೇಗನೆ ಎಳೆದದ್ದಾದರೆ ಒಳಗಿನ ಗಾಳಿಚೀಲ ಉಬ್ಬಿ ಕರುಳನ್ನು ಒತ್ತುತ್ತದೆ. ಬಿಟ್ಟ ಮೀನುಗಳಲ್ಲಿ ಕೆಲವು ಅನಂತರ ಸಾಯುತ್ತವೆ, ಕೆಲವು ಶಾರ್ಕುಗಳಿಗೆ ಸುಲಭದ ತುತ್ತಾಗುತ್ತವೆ. ಮೀನಿನ ತುಟಿಯಲ್ಲಿ ನೋವನ್ನು ಗ್ರಹಿಸುವ ನರಗಳಿವೆಯೆಂದು 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನಲ್ಲಿ ತೋರಿಸಿದರು. ಜೈನರಿಗೆ ಅಷ್ಟು ಕಾಲ ಕಾಯುವ ಅಗತ್ಯವಿರಲಿಲ್ಲ.

ಆದರೆ ಪ್ರಶ್ನೆಯು ಸತ್ತ ಮೀನುಗಳ ಲೆಕ್ಕದಿಂದ ತೀರುವಂಥದಲ್ಲ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು ಬೆಸ್ತನನ್ನೂ ಒಕ್ಕಲಿಗನನ್ನೂ ಹೋಲಿಸಿದ್ದಾರೆ. ಒಂದು ಜೀವಿಯನ್ನೂ ಕೊಲ್ಲದ ದಿನವೂ ಬೆಸ್ತನು ಪಾಪಿ, ಉಳುಮೆಯಲ್ಲಿ ಜೀವಘಾತಕ್ಕೆ ಕಾರಣನಾದರೂ ಒಕ್ಕಲಿಗನು ಹಾಗಲ್ಲ, ಭೇದವಿರುವುದು ಸಂಕಲ್ಪದಲ್ಲಿ. ಬೆಸ್ತನಿಗಾದರೂ ಹೊಟ್ಟೆಪಾಡಿದೆ. ಹಣ ತೆತ್ತು ಗಾಳ ಹಿಡಿಯುವ ಪ್ರವಾಸಿಗೆ ಅದೂ ಇಲ್ಲ. ಆ ಜೀವಿಯ ಒದ್ದಾಟವೇ ಅವನು ಕೊಂಡ ಸರಕು.

ಇಲ್ಲಿ ಕೆಲವರು ಮೃಗಸೇನನ ಕಥೆಯನ್ನು ಮುಂದೊಡ್ಡಬಹುದು. ಬಲೆಗೆ ಮೊದಲು ಬಿದ್ದ ಮೀನನ್ನು ಬಿಡುವೆನೆಂದು ಮುನಿಗಳಿಂದ ವ್ರತ ಪಡೆದ ಆ ಬೆಸ್ತನೂ ಹಿಡಿದು ಬಿಟ್ಟವನೇ ಅಲ್ಲವೇ? ಹೌದು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ ಅದೇ ಮೀನು ಮತ್ತೆ ಮತ್ತೆ ಬಲೆಗೆ ಬಿದ್ದಿತು. ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿ ಹಾವು ಕಚ್ಚಿ ಸತ್ತನು. ಬಿಡುವುದಕ್ಕೆ ಅವನು ತೆತ್ತ ಬೆಲೆ ಅದು. ವಿಹಾರದ ದೋಣಿಯಲ್ಲಿ ಬಿಡುವುದು ಆಟದ ಕೊನೆಯ ಭಾಗ, ಛಾಯಾಚಿತ್ರ ತೆಗೆದಾದ ಮೇಲಿನ ಕೆಲಸ. ಅಲ್ಲಿ ಹಿಡಿಯುವುದು ಬಿಡುವುದಕ್ಕಾಗಿ ಅಲ್ಲ.

ಮಕ್ಕಳ ಕೈಗೆ ಗಾಳದ ಕೋಲು ಕೊಡುವುದನ್ನು ತಂದೆತಾಯಿಗಳು ನಿರುಪದ್ರವದ ಸಂತೋಷವೆಂದು ಭಾವಿಸುವುದುಂಟು. ಸಮಂತಭದ್ರಾಚಾರ್ಯರು ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಒದಗಿಸುವುದನ್ನೂ ಹಿಂಸಾದಾನವೆಂದು ಸೇರಿಸಿದ್ದಾರೆ. ಕೊಡುವವನು ತಂದೆಯಾದರೆ ವಿನಾಯಿತಿ ಎಂದು ಎಲ್ಲಿಯೂ ಹೇಳಿಲ್ಲ.