ಬಳಕೆಯಲ್ಲಿ ಸವೆಯಬೇಕೆ, ಬೀಗದೊಳಗೆ ಉಳಿಯಬೇಕೆ?

ಬಿಸಾಡುವುದಕ್ಕೆಂದೇ ತಯಾರಾದ ವಸ್ತುವಿನ ವಿಷಯದಲ್ಲಿ ಮನುಷ್ಯನಿಗೆ ಏನಾದರೂ ಹೊಣೆ ಇದೆಯೆ? ಹಳೆಯ ಹಸ್ತಪ್ರತಿಯನ್ನು, ಗುಮ್ಮಟವನ್ನು, ಶಾಸನವನ್ನು ಕಾಪಾಡಬೇಕೆಂದರೆ ನಮ್ಮಲ್ಲಿ ಯಾರೂ ತಕರಾರು ಎತ್ತುವುದಿಲ್ಲ. ಆದರೆ ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರವನ್ನು ಕಾಪಾಡಬೇಕೆಂದರೆ ನಗುತ್ತೇವೆ. ಅಮೆರಿಕ, ಬ್ರಿಟನ್‌ಗಳಲ್ಲಿ ಈ ಯಂತ್ರಗಳನ್ನು ಹುಡುಕಿ, ದುರಸ್ತಿ ಮಾಡಿ, ಊರಿಂದೂರಿಗೆ ಸಾಗಿಸುವ ಹವ್ಯಾಸಿಗಳ ಸಮುದಾಯವೊಂದಿದೆ. ಅವರ ಕೆಲಸವನ್ನು ಹತ್ತಿರದಿಂದ ನೋಡಿದರೆ ನಗುವುದನ್ನು ಬಿಟ್ಟು ಯೋಚಿಸಬೇಕಾಗುತ್ತದೆ. ಏಕೆಂದರೆ ಅವರು ಎದುರಿಸುವ ಪ್ರಶ್ನೆಗಳು ಆಟದವಲ್ಲ, ಒಡೆತನದವು.

1972ರಲ್ಲಿ ಅಟಾರಿ ಕಂಪೆನಿಯ ‘ಪಾಂಗ್’, 1978ರಲ್ಲಿ ಜಪಾನಿನ ಟೈಟೋ ಕಂಪೆನಿಯ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ನಾಮ್ಕೋದ ‘ಪ್ಯಾಕ್‌ಮ್ಯಾನ್’ ಬಂದವು. ಆಳೆತ್ತರದ ಮರದ ಪೆಟ್ಟಿಗೆ, ಒಳಗೆ ಪಿಕ್ಚರ್ ಟ್ಯೂಬ್, ಸರ್ಕ್ಯೂಟ್ ಬೋರ್ಡು, ಕೆಳಗೆ ನಾಣ್ಯದ ಡಬ್ಬಿ. ನಾಣ್ಯ ಬೀಳುವಷ್ಟು ದಿನ ಅದಕ್ಕೆ ಬೆಲೆ. ಗಳಿಕೆ ಇಳಿದಾಗ ಮಾಲೀಕ ಬೋರ್ಡು ಕಿತ್ತು ಅದೇ ಪೆಟ್ಟಿಗೆಗೆ ಹೊಸ ಆಟ ಹಾಕುತ್ತಿದ್ದ, ಹೊರಗಿನ ಚಿತ್ರದ ಮೇಲೆ ಬಣ್ಣ ಬಳಿಯುತ್ತಿದ್ದ. 1985ರಲ್ಲಿ ಜಪಾನಿನ ತಯಾರಕರ ಸಂಘ ‘ಜಮ್ಮಾ’ ಎಂಬ ಏಕರೂಪದ ವೈರಿಂಗ್ ಪದ್ಧತಿಯನ್ನು ತಂದ ಮೇಲಂತೂ ಈ ಬದಲಾವಣೆ ಇನ್ನೂ ಸುಲಭವಾಯಿತು. ಮಿಕ್ಕವು ಗೋದಾಮುಗಳಲ್ಲಿ ಕೊಳೆತವು, ಗುಜರಿಗೆ ಹೋದವು.

ಬ್ರಿಟನ್ನಿನ ವೇಲ್ಸ್ ತೀರದಲ್ಲಿ ‘ಡ್ಯೂಕ್ ಆಫ್ ಲ್ಯಾಂಕಾಸ್ಟರ್’ ಎಂಬ ಹಳೆಯ ಪ್ರಯಾಣಿಕರ ಹಡಗೊಂದು 1979ರಿಂದ ನಿಂತಲ್ಲೇ ನಿಂತಿದೆ. ಅದನ್ನು ವಿನೋದ ಕೇಂದ್ರವನ್ನಾಗಿ ಮಾಡಿದ್ದರು. 1980ರ ದಶಕದಲ್ಲಿಯೇ ಅದು ಮುಚ್ಚಿತು. ಒಳಗಿದ್ದ ಆಟದ ಯಂತ್ರಗಳು ಕತ್ತಲಲ್ಲಿ ಕಾಲು ಶತಮಾನ ಕಳೆದವು. 2010ರ ದಶಕದ ಆರಂಭದಲ್ಲಿ ಹವ್ಯಾಸಿಗಳ ಗುಂಪೊಂದು ಮಾಲೀಕರೊಡನೆ ಮಾತಾಡಿ, ಕ್ರೇನ್ ತರಿಸಿ ಅವುಗಳನ್ನು ಹೊರತೆಗೆಯಿತು. ಯಾರಿಗೂ ಬೇಡವಾದದ್ದನ್ನು ಯಾರೋ ಬೇಕೆಂದರು. ಅಷ್ಟರಿಂದಲೇ ಕಸ ಪರಂಪರೆಯಾಯಿತು.

ಹೀಗೆ ಸಿಕ್ಕ ಯಂತ್ರವನ್ನು ಬದುಕಿಸುವುದು ಹೇಗೆ? ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಬೇಕು. ಬೋರ್ಡಿನ ಮೇಲಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿದ್ದರೆ ತಂತಿ ಬೆಸೆಯಬೇಕು. ಪಿಕ್ಚರ್ ಟ್ಯೂಬಿನ ಗಾಜಿನ ಮೇಲೆ ವರ್ಷಗಟ್ಟಲೆ ಉರಿದ ಪ್ಯಾಕ್‌ಮ್ಯಾನ್‌ನ ಓಣಿಗಳು ಅಚ್ಚೊತ್ತಿ ಕೂತಿರುತ್ತವೆ, ವಿದ್ಯುತ್ ಇಲ್ಲದಾಗಲೂ ಕಾಣುತ್ತವೆ. ಅದು ಕಲೆಯೆ, ಚರಿತ್ರೆಯೆ? ಟ್ಯೂಬನ್ನು ಬದಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಆ ಯಂತ್ರದ ಮುಂದೆ ನಿಂತಿದ್ದ ಸಾವಿರಾರು ಮಕ್ಕಳ ಏಕೈಕ ಗುರುತು ಅಳಿಸಿಹೋಗುತ್ತದೆ. ಇನ್ನು, ಹಳೆಯ ಆಟವನ್ನು ಮರಳಿ ತರಬೇಕೆಂದು ಅದೇ ಪೆಟ್ಟಿಗೆಯಲ್ಲಿ ಆಮೇಲೆ ಬಂದ ಆಟವನ್ನು ಕಿತ್ತು ಹಾಕುವವರಿದ್ದಾರೆ. ಮೊದಲನೆಯದೇ ಸತ್ಯ, ನಂತರದ್ದು ಸುಳ್ಳು ಎಂದು ತೀರ್ಮಾನಿಸುವ ಅಧಿಕಾರ ಯಾರದು? ಹೊಟ್ಟೆಪಾಡಿಗಾಗಿ ಬಣ್ಣ ಬಳಿದ ಮಾಲೀಕನೂ ಆ ಯಂತ್ರದ ಚರಿತ್ರೆಯ ಭಾಗವೇ. ಕಟ್ಟಡಗಳ ವಿಷಯದಲ್ಲಿ ಈ ‘ಮೊದಲು ಏನಿತ್ತು’ ಎಂಬ ಹಟ ಎಷ್ಟು ಮನೆಗಳನ್ನು ಸುಟ್ಟಿದೆ ಎಂಬುದನ್ನು ಈ ನಾಡಿನಲ್ಲಿ ಬದುಕುತ್ತಿರುವ ನಾವು ಬಲ್ಲೆವು.

ಆಟದ ಜೀವ ಅದರ ಪ್ರೋಗ್ರಾಮಿನಲ್ಲಿದೆ, ಮರದ ಪೆಟ್ಟಿಗೆಯ ಹೆಣವನ್ನೇಕೆ ಹೊರಬೇಕು ಎಂದು ಕೇಳುವವರೂ ಇದ್ದಾರೆ. 1997ರಲ್ಲಿ ಆರಂಭವಾದ ‘ಮೇಮ್’ ಎಂಬ ತಂತ್ರಾಂಶ ಸಾವಿರಾರು ಹಳೆಯ ಆಟಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿಯೇ ಉಳಿಸಿಕೊಟ್ಟಿದೆ. ಹಣವಿಲ್ಲದವನ ಪಾಲಿಗೆ ಇದೇ ಸಂಗ್ರಹಾಲಯ. ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಎದೆಮಟ್ಟದ ಪೆಟ್ಟಿಗೆಗೆ ಒರಗಿ, ಬೆನ್ನ ಹಿಂದೆ ಸರದಿಗಾಗಿ ಕಾದ ಅಪರಿಚಿತನ ಉಸಿರನ್ನು ಕೇಳುತ್ತ ಆಡಿದ್ದು ಪ್ರೋಗ್ರಾಮಿನಲ್ಲಿ ಎಲ್ಲಿದೆ? ಹಾಡಿನ ಸಾಹಿತ್ಯ ಉಳಿದ ಮಾತ್ರಕ್ಕೆ ಮೆಹಫಿಲ್ ಉಳಿದಂತಾಗುವುದಿಲ್ಲ.

ಈಗ ಸಾಗಣೆಯ ಮಾತು. ಇಂಥ ಒಂದು ಯಂತ್ರದ ತೂಕ ಸಾಮಾನ್ಯವಾಗಿ ನೂರು ಕಿಲೋ ದಾಟುತ್ತದೆ. ಅಮೆರಿಕದಂಥ ವಿಶಾಲ ದೇಶದಲ್ಲಿ ಎಷ್ಟೋ ಸಲ ಬಾಡಿಗೆಯೇ ಯಂತ್ರದ ಬೆಲೆಯನ್ನು ಮೀರುತ್ತದೆ. ಆದ್ದರಿಂದ ಹವ್ಯಾಸಿಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಹೇಗೂ ಆ ದಾರಿಯಲ್ಲಿ ಹೊರಟವನು ತನ್ನ ವಾಹನದ ಖಾಲಿ ಜಾಗದಲ್ಲಿ ಇನ್ನೊಬ್ಬನ ಯಂತ್ರವನ್ನು ಹೇರಿಕೊಳ್ಳುತ್ತಾನೆ, ಅರ್ಧ ದಾರಿಯಲ್ಲಿ ಮತ್ತೊಬ್ಬನಿಗೆ ಒಪ್ಪಿಸುತ್ತಾನೆ. ಇಂಧನದ ಪಾಲಷ್ಟೇ ಲೆಕ್ಕ. ಯಂತ್ರ ಕೈಯಿಂದ ಕೈಗೆ ದಾಟುತ್ತ ದೂರದ ರಾಜ್ಯವನ್ನು ಮುಟ್ಟುತ್ತದೆ.

ಇದಕ್ಕೆ ನಮ್ಮಲ್ಲಿರುವ ಹೆಸರು ಅಮಾನತ್. ಇಸ್ಲಾಮೀ ನ್ಯಾಯಶಾಸ್ತ್ರ ಇದನ್ನು ಬಹಳ ಸೂಕ್ಷ್ಮವಾಗಿ ವಿಂಗಡಿಸಿದೆ. ಉಪಕಾರಕ್ಕಾಗಿ ವಸ್ತುವನ್ನು ಇಟ್ಟುಕೊಂಡವನು ಎಚ್ಚರವಾಗಿದ್ದೂ ಅದು ಹಾಳಾದರೆ ನಷ್ಟ ಕಟ್ಟಬೇಕಿಲ್ಲ. ಅಲಕ್ಷ್ಯ ಮಾಡಿದರೆ ಕಟ್ಟಬೇಕು. ಕೂಲಿ ಪಡೆದು ಕಾಯುವವನು, ತಡೆಯಬಹುದಾಗಿದ್ದ ನಷ್ಟಕ್ಕೆಲ್ಲ ಹೊಣೆ ಎಂದು ಹನಫೀ ಸಂಪ್ರದಾಯ ಹೇಳುತ್ತದೆ. ಅಂದರೆ ಅಗ್ಗವಾಗಿ ಸಾಗಿಸಬಯಸುವವನು ನಷ್ಟದ ಒಂದು ಪಾಲನ್ನು ತಾನೇ ಹೊರಲು ಸಿದ್ಧನಿರಬೇಕು. ಖರ್ಚು ಉಳಿಸಿಕೊಂಡು ಹೊಣೆಯನ್ನು ಪೂರ್ತಿ ಇನ್ನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಗ್ಗ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಖಾಲಿ ಜಾಗವನ್ನು ಹಂಚಿಕೊಂಡು ಖರ್ಚು ಇಳಿಸುವುದು ಬೇರೆ, ಹೊರುವವನ ಕೂಲಿ ಮುರಿದು ಇಳಿಸುವುದು ಬೇರೆ. ನಮ್ಮ ಮಾರುಕಟ್ಟೆ ಯಾರ್ಡುಗಳ ಹಮಾಲರ ಬೆನ್ನನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಹಳೆಯ ಮರವನ್ನು ಉಳಿಸಲು ಜೀವಂತ ಮೂಳೆಯನ್ನು ಸವೆಸುವುದು ಸಂರಕ್ಷಣೆಯಲ್ಲ.

ಕೊನೆಗೆ ಉಳಿಯುವ ಪ್ರಶ್ನೆ: ಇಷ್ಟೆಲ್ಲ ಕಷ್ಟಪಟ್ಟು ತಂದ ಯಂತ್ರ ಯಾರಿಗಾಗಿ? ನೆಲಮಾಳಿಗೆಯಲ್ಲಿ ಹತ್ತಾರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಸವೆಯುತ್ತವೆಂಬ ಭಯದಿಂದ ಸ್ವಿಚ್ಚನ್ನೂ ಹಾಕದವನು ಹಡಗಿನ ಕತ್ತಲನ್ನು ಮನೆಗೆ ತಂದಂತಾಯಿತು, ಅಷ್ಟೆ. ಇತ್ತ ಇಲಿನಾಯ್ ರಾಜ್ಯದ ಬ್ರೂಕ್‌ಫೀಲ್ಡ್‌ನಲ್ಲಿ 2010ರಲ್ಲಿ ಆರಂಭವಾದ ‘ಗ್ಯಾಲಪಿಂಗ್ ಘೋಸ್ಟ್’ನಲ್ಲಿ ಪ್ರವೇಶ ಶುಲ್ಕ ಕೊಟ್ಟವರು ನೂರಾರು ಯಂತ್ರಗಳಲ್ಲಿ ಯಾವುದನ್ನಾದರೂ ಆಡಬಹುದು. ಅಲ್ಲಿ ಯಂತ್ರಗಳು ಸವೆಯುವುದು ನಿಜ. ಆದರೆ ಬಳಸಿದರೆ ಸವೆಯುತ್ತದೆ, ಬಳಸದಿದ್ದರೆ ಅರ್ಥ ಕಳೆದುಕೊಳ್ಳುತ್ತದೆ ಎಂಬ ಈ ಇಕ್ಕಟ್ಟು ಹೊಸದೇನಲ್ಲ. ವಕ್ಫ್ ವ್ಯವಸ್ಥೆ ಇದಕ್ಕೆ ಶತಮಾನಗಳ ಹಿಂದೆಯೇ ಉತ್ತರ ಹುಡುಕಿತ್ತು. ಮೂಲ ಆಸ್ತಿ ಉಳಿಯಬೇಕು, ಅದರ ಫಲ ಜನರಿಗೆ ಸಲ್ಲಬೇಕು, ಬಂದ ಆದಾಯದಲ್ಲಿ ಮೊದಲ ಪಾಲು ಆ ಆಸ್ತಿಯ ದುರಸ್ತಿಗೇ ಹೋಗಬೇಕು. ಬಳಕೆಯೂ ದುರಸ್ತಿಯೂ ಅಲ್ಲಿ ಶತ್ರುಗಳಲ್ಲ, ಒಂದನ್ನೊಂದು ಸಾಕುವ ಜೊತೆಗಾರರು.

ಹಸಿದವರಿರುವ ಲೋಕದಲ್ಲಿ ಆಟದ ಪೆಟ್ಟಿಗೆಗೆ ಇಷ್ಟೊಂದು ಚಿಂತೆಯೆ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಹಸಿದವನ ಹಕ್ಕು ಮೊದಲನೆಯದು, ಅದನ್ನು ಯಾವ ವಸ್ತುವೂ ಕಸಿಯಕೂಡದು. ಆದರೆ ಕೆಟ್ಟ ಕೂಡಲೇ ಎಸೆಯುವುದನ್ನು ಕಲಿತ ಸಮಾಜ ಹಸಿದವನನ್ನು ಹೆಚ್ಚು ನೆನೆಯುತ್ತದೆ ಎಂಬುದಕ್ಕೆ ನಮಗೆ ಪುರಾವೆ ಕಾಣುತ್ತಿಲ್ಲ. ಒಂದು ವಸ್ತುವನ್ನು ಇನ್ನೊಬ್ಬನಿಗಾಗಿ ಜೋಪಾನವಾಗಿ ಹೊತ್ತು, ಹೇಳಿದ ದಿನ ಹೇಳಿದ ಜಾಗಕ್ಕೆ ಮುಟ್ಟಿಸುವ ಅಭ್ಯಾಸ ಚಿಕ್ಕದಿರಬಹುದು. ದೊಡ್ಡ ಅಮಾನತ್‌ಗಳನ್ನು ಹೊರುವ ಬೆನ್ನು ಬಲಿಯುವುದು ಇಂಥ ಚಿಕ್ಕ ಹೊರೆಗಳಿಂದಲೇ.